ಧಾರವಾಡದಿಂದ ಪೋಲೆಂಡಿಗೆ: ಇಂಗ್ಲಿಷ್ ಕಲಿಸಲು ಹೊರಡುವವರಿಗೆ ಒಂದು ಕೈಪಿಡಿ

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಧಾರವಾಡದ ಸಪ್ತಾಪುರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿರುವ ಅನೇಕರು ಈಚೆಗೆ ಪೋಲೆಂಡಿನಲ್ಲಿ ಇಂಗ್ಲಿಷ್ ಕಲಿಸುವ ಅವಕಾಶದ ಬಗ್ಗೆ ವಿಚಾರಿಸುತ್ತಿದ್ದಾರೆ. ಗದಗ, ಹಾವೇರಿಗಳ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರೂ ಇವರಲ್ಲಿದ್ದಾರೆ. ಇವರೆಲ್ಲರಿಗೂ ನಾನು ಮೊದಲು ಹೇಳುವುದು ಒಂದೇ ಮಾತು: ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಭರವಸೆಯೊಂದರ ಮೇಲೆ ಹೊರಡಬೇಡಿ, ತರಬೇತಿ ಪಡೆದ ಭಾಷಾ ಶಿಕ್ಷಕರಾಗಿ ಹೊರಡಿ, ಲಿಖಿತ ಒಪ್ಪಂದವೂ ಅದಕ್ಕೆ ತಕ್ಕ ವೀಸಾವೂ ಕೈಗೆ ಬರುವ ತನಕ ಇಲ್ಲಿನ ಕೆಲಸವನ್ನು ಬಿಡಬೇಡಿ.

ಪೋಲೆಂಡ್ 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನೂ 2007ರಲ್ಲಿ ಒಳಗಡಿ ತಪಾಸಣೆಯಿಲ್ಲದೆ ಸಂಚರಿಸಬಹುದಾದ ದೇಶಗಳ ಶೆಂಗೆನ್ ವಲಯವನ್ನೂ ಸೇರಿತು. ಅಲ್ಲಿನ ಮಕ್ಕಳು ಎಂಟನೆಯ ತರಗತಿಯ ಕೊನೆಗೆ ಬರೆಯುವ ರಾಷ್ಟ್ರೀಯ ಪರೀಕ್ಷೆಯಲ್ಲಿ ಒಂದು ವಿದೇಶಿ ಭಾಷೆ ಕಡ್ಡಾಯ, ಪ್ರೌಢಶಿಕ್ಷಣದ ಅಂತ್ಯದ ‘ಮತುರಾ’ ಪರೀಕ್ಷೆಯಲ್ಲಿಯೂ ಕಡ್ಡಾಯ, ಮತ್ತು ಬಹುಪಾಲು ಮಕ್ಕಳು ಆರಿಸಿಕೊಳ್ಳುವುದು ಇಂಗ್ಲಿಷನ್ನೇ. ಇದರ ಜೊತೆಗೆ ಕ್ರಾಕೂಫ್, ವ್ರೊತ್ಸ್ವಾಫ್, ವಾರ್ಸಾ ನಗರಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಸೇವಾ ಕೇಂದ್ರಗಳಿದ್ದು, ಅಲ್ಲಿನ ನೌಕರರು ಕಚೇರಿಯ ಇಂಗ್ಲಿಷಿಗಾಗಿ ಪಾಠ ಹೇಳಿಸಿಕೊಳ್ಳುತ್ತಾರೆ. ಹೀಗಾಗಿ ಖಾಸಗಿ ಭಾಷಾ ಶಾಲೆಗಳು ಪ್ರತಿಯೊಂದು ದೊಡ್ಡ ಊರಿನಲ್ಲಿಯೂ ಇವೆ. ವಿದೇಶಿ ಶಿಕ್ಷಕರಿಗೆ ಕೆಲಸ ಸಿಗುವುದು ಹೆಚ್ಚಾಗಿ ಈ ಶಾಲೆಗಳಲ್ಲಿ, ದ್ವಿಭಾಷಾ ಶಿಶುವಿಹಾರಗಳಲ್ಲಿ ಮತ್ತು ಖಾಸಗಿ ವಿದ್ಯಾಲಯಗಳಲ್ಲಿ. ಸರ್ಕಾರಿ ಶಾಲೆಗಳಲ್ಲಿ ಪೋಲೆಂಡಿನ ಕಾನೂನು ಹೇಳುವ ಅರ್ಹತೆಗಳು ಬೇಕಾಗುವುದರಿಂದ ಮೊದಲ ವರ್ಷದಲ್ಲಿ ಆ ದಾರಿಯನ್ನು ನೆಚ್ಚದಿರುವುದು ಒಳ್ಳೆಯದು.

ನಮ್ಮ ಬಂಡವಾಳ ಯಾವುದು

ಜಾಹೀರಾತುಗಳಲ್ಲಿ ‘ನೇಟಿವ್ ಸ್ಪೀಕರ್ ಬೇಕು’ ಎಂಬ ಸಾಲನ್ನು ಕಂಡು ನಮ್ಮವರು ಅಲ್ಲಿಗೇ ಅರ್ಜಿಯನ್ನು ಕೈಬಿಡುತ್ತಾರೆ. ಈ ಒಲವು ಇರುವುದು ನಿಜ, ಅದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಕಾರವಿಲ್ಲ. ಆದರೆ ಬ್ರಿಟನ್ 2020ರಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಬಳಿಕ, ಆ ವರ್ಷದ ಕೊನೆಯಿಂದ ಬ್ರಿಟಿಷರಿಗಿದ್ದ ಮುಕ್ತ ಸಂಚಾರದ ಹಕ್ಕು ಮುಗಿಯಿತು. ಹೊಸದಾಗಿ ಬರುವ ಬ್ರಿಟಿಷ್ ಶಿಕ್ಷಕನ ವಿಷಯದಲ್ಲಿಯೂ ಶಾಲೆಗಳು ಈಗ ಕಾಗದಪತ್ರ ನೋಡಲೇಬೇಕು. ಇಂಥ ಕಡೆ ನಿಮ್ಮ ಅರ್ಜಿಗೆ ಬೆಲೆ ಬರಬೇಕಾದರೆ ನೀವು ಬೋಧನೆಯಲ್ಲಿ ಏನು ಬಲ್ಲಿರಿ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು.

ಈ ವಿಷಯದಲ್ಲಿ ಕನ್ನಡಿಗ ಶಿಕ್ಷಕನಿಗೆ ಅವನೇ ಗಮನಿಸದ ಒಂದು ಅನುಕೂಲವಿದೆ. ಪೋಲಿಷ್ ಭಾಷೆಯಲ್ಲಿ ಇಂಗ್ಲಿಷಿನ ‘ಎ’, ‘ಆ್ಯನ್’, ‘ದ’ಗಳಂಥ ಆರ್ಟಿಕಲ್‌ಗಳಿಲ್ಲ, ಕನ್ನಡದಲ್ಲಿಯೂ ಇಲ್ಲ. ಹುಟ್ಟಿನಿಂದ ಇಂಗ್ಲಿಷ್ ಆಡುವವನು ಇವನ್ನು ಯೋಚಿಸದೆ ಬಳಸುತ್ತಾನೆ, ಆದ್ದರಿಂದಲೇ ವಿದ್ಯಾರ್ಥಿ ‘ಏಕೆ’ ಎಂದು ಕೇಳಿದಾಗ ತಡವರಿಸುತ್ತಾನೆ. ಹೈಸ್ಕೂಲಿನಲ್ಲಿ ಕೂತು ಒಂದೊಂದೇ ನಿಯಮ ಕಲಿತು, ತಪ್ಪಿ, ತಿದ್ದಿಕೊಂಡ ನಮಗೆ ಆ ‘ಏಕೆ’ ಗೊತ್ತು. ಪೋಲಿಷಿನಲ್ಲಿ ನಾಮಪದಕ್ಕೆ ಏಳು ವಿಭಕ್ತಿಗಳಿವೆ, ಪದದ ಕೊನೆಯ ಪ್ರತ್ಯಯವೇ ಅರ್ಥವನ್ನು ನಡೆಸುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ಇದರ ಸ್ವಭಾವ ಬೇಗ ತಿಳಿಯುತ್ತದೆ. ಅಂಥ ಭಾಷೆಯಿಂದ ಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ಬಿಗಿಯಾದ ಪದಕ್ರಮ ಏಕೆ ತೊಡಕಾಗುತ್ತದೆ ಎಂಬುದೂ ತಿಳಿಯುತ್ತದೆ. ಇನ್ನು ಪ್ರೆಸೆಂಟ್ ಪರ್ಫೆಕ್ಟ್ ಕಾಲಕ್ಕೆ ಪೋಲಿಷಿನಲ್ಲಿ ನೇರ ಸಮಾನರೂಪವಿಲ್ಲ. ‘ಬಂದೆ’ ಮತ್ತು ‘ಬಂದಿದ್ದೇನೆ’ ಎಂಬ ಭೇದವನ್ನು ದಿನವೂ ಆಡುವ ನಮಗೆ ಈ ಕಾಲದ ಹಿಂದಿರುವ ಭಾವನೆ ಅಪರಿಚಿತವಲ್ಲ, ಅದನ್ನು ಉದಾಹರಣೆಗಳ ಮೂಲಕ ಕಟ್ಟಿಕೊಡುವುದು ನಮಗೆ ಸಾಧ್ಯ.

ಉಚ್ಚಾರಣೆಯಲ್ಲಿ ಎರಡು ಕಡೆಯ ಕಷ್ಟಗಳು ಬೇರೆ ಬೇರೆ. ಪೋಲಿಷ್ ವಿದ್ಯಾರ್ಥಿ ಪದದ ಕೊನೆಯ ಘೋಷ ವ್ಯಂಜನವನ್ನು ಅಘೋಷಗೊಳಿಸಿ ‘ಬ್ಯಾಗ್’ ಅನ್ನು ‘ಬ್ಯಾಕ್’ ಎನ್ನುತ್ತಾನೆ; ಪೋಲಿಷಿನಲ್ಲಿ ಹ್ರಸ್ವ–ದೀರ್ಘ ಸ್ವರಗಳ ಭೇದವಿಲ್ಲದ್ದರಿಂದ ‘ಶಿಪ್’ ಮತ್ತು ‘ಶೀಪ್’ ಅವನ ಬಾಯಲ್ಲಿ ಒಂದಾಗುತ್ತವೆ. ನಮಗೆ ದೀರ್ಘಸ್ವರ ಸಹಜ, ಆದರೆ ಪದದ ಕೊನೆಗೆ ಉಕಾರ ಸೇರಿಸುವುದು, ಇಂಗ್ಲಿಷಿನ ‘ವಿ’ ಮತ್ತು ‘ಡಬ್ಲ್ಯು’ಗಳನ್ನು ಒಂದೇ ವಕಾರದಲ್ಲಿ ಹೇಳುವುದು, ‘ಟ’, ‘ಡ’ಗಳನ್ನು ಮೂರ್ಧನ್ಯದಲ್ಲಿ ಒತ್ತುವುದು ನಮ್ಮ ಅಭ್ಯಾಸಗಳು. ಪದದ ಒತ್ತು ಎರಡೂ ಕಡೆ ಸಮಸ್ಯೆಯೇ. ಪೋಲಿಷಿನಲ್ಲಿ ಅದು ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ, ಕನ್ನಡದಲ್ಲಿ ಒತ್ತಿಗೆ ಅಂಥ ಪ್ರಾಧಾನ್ಯವೇ ಇಲ್ಲ. ಹೊರಡುವ ಮುನ್ನ ಕೆಲವು ತಿಂಗಳು ನಿಮ್ಮ ಧ್ವನಿಯನ್ನು ಮುದ್ರಿಸಿಕೊಂಡು ಈ ಅಂಶಗಳನ್ನು ತಿದ್ದಿಕೊಳ್ಳಿ. ಬ್ರಿಟಿಷ್ ಉಚ್ಚಾರಣೆಯ ಅನುಕರಣೆ ಬೇಕಿಲ್ಲ. ಸ್ಪಷ್ಟವಾಗಿ, ನಿಧಾನವಾಗಿ, ಸರಿಯಾದ ಒತ್ತಿನೊಂದಿಗೆ ಆಡುವ ಭಾರತೀಯ ಇಂಗ್ಲಿಷ್ ತರಗತಿಗೆ ಸಾಕು. ಸಂದರ್ಶನದಲ್ಲಿ ಮೇಲಿನ ಎರಡು ಪ್ಯಾರಾಗಳಲ್ಲಿರುವ ವಿಷಯವನ್ನು ನಿಮ್ಮದೇ ಮಾತಿನಲ್ಲಿ ಹೇಳಬಲ್ಲಿರಾದರೆ, ನೀವು ಪೋಲಿಷ್ ವಿದ್ಯಾರ್ಥಿಯ ಕಷ್ಟವನ್ನು ಅಭ್ಯಾಸ ಮಾಡಿ ಬಂದವರೆಂದು ಎದುರಿಗಿದ್ದವರಿಗೆ ಖಚಿತವಾಗುತ್ತದೆ.

ತರಬೇತಿ

ಬಿ.ಇಡಿ. ಒಂದು ಮೌಲ್ಯವುಳ್ಳ ಪದವಿ, ಆದರೆ ವಿದೇಶಿ ಭಾಷೆಯಾಗಿ ಇಂಗ್ಲಿಷ್ ಕಲಿಸುವ ಪ್ರತ್ಯೇಕ ಪ್ರಮಾಣಪತ್ರವನ್ನು ಅಲ್ಲಿನ ಶಾಲೆಗಳು ಕೇಳುತ್ತವೆ. ಕೇಂಬ್ರಿಜ್‌ನ ಸೆಲ್ಟಾ ಇವುಗಳಲ್ಲಿ ಹೆಚ್ಚು ಮನ್ನಣೆ ಪಡೆದದ್ದು. ಇದರಲ್ಲಿ ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆಗಳ ಪಾಠವನ್ನು ಪರಿವೀಕ್ಷಕರ ಎದುರು ಮಾಡಬೇಕಾಗುತ್ತದೆ, ಆನ್‌ಲೈನ್ ಮೂಲಕವೂ ಇದನ್ನು ಮುಗಿಸಬಹುದು. ಟೆಫೆಲ್ (ವಿದೇಶಿ ಭಾಷೆಯಾಗಿ ಇಂಗ್ಲಿಷ್ ಬೋಧನೆ) ಹೆಸರಿನ ಅಗ್ಗದ 120 ಗಂಟೆಗಳ ಆನ್‌ಲೈನ್ ಕೋರ್ಸುಗಳು ಬಹಳಷ್ಟಿವೆ. ಪರಿವೀಕ್ಷಿತ ಬೋಧನೆ ಇಲ್ಲದ ಪ್ರಮಾಣಪತ್ರಕ್ಕೆ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಹಣದ ಅಡಚಣೆ ಇರುವವರು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಇಂಗ್ಲಿಷ್ ಬೋಧನಾ ಕೋರ್ಸುಗಳನ್ನು ವಿಚಾರಿಸಬಹುದು. ಇದರೊಂದಿಗೆ ನಿಮ್ಮ ಭಾಷಾ ಮಟ್ಟವನ್ನು ತೋರಿಸಲು ಐಇಎಲ್‌ಟಿಎಸ್‌ನಲ್ಲಿ ಉನ್ನತ ಅಂಕವೋ, ಕೇಂಬ್ರಿಜ್‌ನ ಸಿ2 ಪ್ರೊಫಿಷಿಯೆನ್ಸಿ ಪ್ರಮಾಣಪತ್ರವೋ ಇದ್ದರೆ ‘ನೇಟಿವ್’ ಎಂಬ ಪ್ರಶ್ನೆಗೆ ಅದೇ ಉತ್ತರವಾಗುತ್ತದೆ.

ಕೆಲಸ ಹುಡುಕುವುದು, ಮೋಸದಿಂದ ದೂರವಿರುವುದು

ಪೋಲೆಂಡಿನಲ್ಲಿ ಶಾಲಾ ವರ್ಷ ಸೆಪ್ಟೆಂಬರ್ 1ಕ್ಕೆ ಆರಂಭವಾಗಿ ಜೂನ್ ಕೊನೆಗೆ ಮುಗಿಯುತ್ತದೆ. ಭಾಷಾ ಶಾಲೆಗಳ ಕೋರ್ಸುಗಳು ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್ ಮೊದಲಲ್ಲೋ ಶುರುವಾಗುತ್ತವೆ. ಅಲ್ಲಿಯೇ ಇರುವವರನ್ನು ಆಗಸ್ಟ್‌ನಲ್ಲಿ ನೇಮಿಸಿಕೊಳ್ಳುವುದುಂಟು, ಆದರೆ ಭಾರತದಿಂದ ಹೋಗುವವರಿಗೆ ಪರ್ಮಿಟ್ ಮತ್ತು ವೀಸಾಕ್ಕೆ ಹಲವು ತಿಂಗಳು ಹಿಡಿಯುವುದರಿಂದ ನೀವು ಜನವರಿ–ಫೆಬ್ರವರಿಯಲ್ಲಿಯೇ ಅರ್ಜಿ ಹಾಕಲು ತೊಡಗಬೇಕು. ಶಾಲೆಗಳ ಜಾಲತಾಣಗಳಿಗೆ ನೇರವಾಗಿ ಬರೆಯಿರಿ. ಎರಡು ಪುಟ ಮೀರದ ಸ್ವವಿವರ, ಹತ್ತು ನಿಮಿಷದ ಒಂದು ಪಾಠದ ವಿಡಿಯೊ, ಒಂದು ಪಾಠಯೋಜನೆ ಜೊತೆಗಿರಲಿ.

ವಾರ್ಸಾದಲ್ಲಿ ಕೆಲಸಗಳು ಹೆಚ್ಚು, ಬಾಡಿಗೆಯೂ ಹೆಚ್ಚು. ಕಂಪನಿ ನೌಕರರಿಗೆ ಕಲಿಸುವ ಇಚ್ಛೆಯುಳ್ಳವರಿಗೆ ಕ್ರಾಕೂಫ್, ವ್ರೊತ್ಸ್ವಾಫ್ ಸೂಕ್ತ. ಹಳೆಯ ಜವಳಿ ಗಿರಣಿಗಳ ಊರಾದ, ನಕಾಶೆಯಲ್ಲಿ ‘ಲೋಡ್ಜ್’ ಎಂದು ಕಾಣುವ ಮತ್ತು ಅಲ್ಲಿನವರು ‘ವುಚ್’ ಎನ್ನುವ ನಗರ, ಪೂರ್ವದ ಲುಬ್ಲಿನ್, ಇಂಥವು ಖರ್ಚಿನಲ್ಲಿ ಹಗುರ. ಮೊದಲ ವರ್ಷಕ್ಕೆ ಇಂಥ ನಡುಗಾತ್ರದ ಊರುಗಳನ್ನು ನಾನು ಹೆಚ್ಚು ಇಷ್ಟಪಡುತ್ತೇನೆ, ಏಕೆಂದರೆ ಅಲ್ಲಿ ವಿದೇಶಿ ಶಿಕ್ಷಕರು ಕಡಿಮೆ.

ಈಗ ಎಲ್ಲಕ್ಕಿಂತ ಗಂಭೀರವಾದ ಮಾತು. ‘ಪೋಲೆಂಡ್ ವರ್ಕ್ ಪರ್ಮಿಟ್ ಖಾತ್ರಿ’ ಎಂದು ಲಕ್ಷಗಟ್ಟಲೆ ಹಣ ಕೇಳುವ ಏಜೆಂಟರು ನಮ್ಮ ಊರುಗಳಲ್ಲಿಯೂ ಇದ್ದಾರೆ, ಮೊಬೈಲಿನಲ್ಲಂತೂ ದಿನವೂ ಬರುತ್ತಾರೆ. ಪರ್ಮಿಟ್‌ಗೆ ಅರ್ಜಿ ಹಾಕುವವನು ಉದ್ಯೋಗದಾತ, ನೀವಲ್ಲ. ಅದನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಒಂದು ಶಾಲೆಯಿಂದ ಕರೆ ಬಂದರೆ ಅದರ ಹೆಸರನ್ನು ಪೋಲೆಂಡಿನ ನ್ಯಾಯಾಲಯ ನೋಂದಣಿಯಾದ ಕೆ.ಆರ್.ಎಸ್.ನಲ್ಲಿಯೋ, ಒಬ್ಬನೇ ನಡೆಸುವ ವ್ಯವಹಾರವಾದರೆ ಸಿ.ಇ.ಐ.ಡಿ.ಜಿ. ನೋಂದಣಿಯಲ್ಲಿಯೋ ಹುಡುಕಿ. ಎರಡೂ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿವೆ. ವಿಳಾಸ, ಎನ್.ಐ.ಪಿ. ಎಂಬ ತೆರಿಗೆ ಸಂಖ್ಯೆ, ವ್ಯವಹಾರದ ಬಗೆ ನಿಮಗೆ ಬಂದ ಪತ್ರಕ್ಕೆ ಹೊಂದಬೇಕು. ಗೋದಾಮಿನ ಕೆಲಸದ ಪರ್ಮಿಟ್ ಮೇಲೆ ಹೋಗಿ ಆಮೇಲೆ ಶಿಕ್ಷಕರಾಗಬಹುದು ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ಪರ್ಮಿಟ್ ಆ ಉದ್ಯೋಗದಾತನಿಗೂ ಆ ಕೆಲಸಕ್ಕೂ ಕಟ್ಟುಬಿದ್ದಿರುತ್ತದೆ. ಭಾರತದಲ್ಲಿ ನೇಮಕಾತಿ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ಆ ಪಟ್ಟಿಯನ್ನು ವಿದೇಶಾಂಗ ಸಚಿವಾಲಯದ ಇ–ಮೈಗ್ರೇಟ್ ತಾಣದಲ್ಲಿ ನೋಡಬಹುದು.

ಕಾಗದಪತ್ರಗಳು

ನಮ್ಮ ಭಾಗದವರಿಗೆ ಮೊದಲ ತೊಡಕು ಹೆಸರಿನಲ್ಲಿಯೇ ಬರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಪಾಟೀಲ, ಹಿರೇಮಠ, ಬಡಿಗೇರ ಎಂಬ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ತಂದೆಯ ಹೆಸರು. ಪದವಿ ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಮತ್ತೊಂದು ಕ್ರಮ, ಕೆಲವೊಮ್ಮೆ ಅಕ್ಷರ ವ್ಯತ್ಯಾಸವೂ ಇರುತ್ತದೆ. ಪೋಲೆಂಡಿನ ಕಚೇರಿಯ ಸಿಬ್ಬಂದಿಗೆ ಇವರೆಲ್ಲರೂ ಒಬ್ಬರೇ ಎಂದು ತಾನಾಗಿ ತೋಚುವುದಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗಲೇ ಪದವಿ ಪತ್ರದ ಹೆಸರಿಗೆ ಹೊಂದಿಸಿಕೊಳ್ಳಿ, ಹೊಂದದಿದ್ದರೆ ಒಬ್ಬನೇ ವ್ಯಕ್ತಿಯ ಹೆಸರುಗಳೆಂಬ ಅಫಿಡವಿಟ್ ಮಾಡಿಸಿಡಿ.

ಪದವಿ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ ಮುದ್ರೆ, ಎಂದರೆ ದಾಖಲೆ ಅಸಲಿಯೆಂದು ಬೇರೆ ದೇಶಕ್ಕೆ ದೃಢೀಕರಿಸುವ ಮುದ್ರೆ, ಬೇಕಾಗುತ್ತದೆ. ಭಾರತ, ಪೋಲೆಂಡ್ ಎರಡೂ ಹೇಗ್ ಒಪ್ಪಂದದಲ್ಲಿ ಇರುವುದರಿಂದ ಇದೊಂದು ಮುದ್ರೆ ಸಾಕು: ಮೊದಲು ರಾಜ್ಯ ಮಟ್ಟದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಘಟಿಕೋತ್ಸವದ ಪ್ರಮಾಣಪತ್ರವನ್ನು ಇನ್ನೂ ಪಡೆಯದವರು ವಿಶ್ವವಿದ್ಯಾಲಯಕ್ಕೆ ಇಂದೇ ಅರ್ಜಿ ಕೊಡಿ, ತಾತ್ಕಾಲಿಕ ಪ್ರಮಾಣಪತ್ರವನ್ನು ನೆಚ್ಚಬೇಡಿ. ಪೋಲಿಷ್ ಭಾಷೆಗೆ ಮಾಡಿಸುವ ಅನುವಾದ ಅಲ್ಲಿನ ಪ್ರಮಾಣೀಕೃತ ಅನುವಾದಕರಿಂದಲೇ ಆಗಬೇಕು. ವಿದೇಶಿ ಪದವಿಯ ಮಟ್ಟದ ಬಗ್ಗೆ ನಾವಾ ಎಂಬ ರಾಷ್ಟ್ರೀಯ ಸಂಸ್ಥೆ ಮಾಹಿತಿ ಪತ್ರ ಕೊಡುತ್ತದೆ.

ಮಕ್ಕಳಿಗೆ ಕಲಿಸುವವರು ಗಮನಿಸಬೇಕಾದ ಇನ್ನೊಂದು ನಿಯಮವಿದೆ. 2024ರ ಫೆಬ್ರವರಿ 15ರಿಂದ ಪೋಲೆಂಡಿನಲ್ಲಿ ಮಕ್ಕಳ ರಕ್ಷಣೆಯ ಕಾನೂನು ಬಿಗಿಯಾಗಿದ್ದು, ಮಕ್ಕಳೊಂದಿಗೆ ಕೆಲಸ ಮಾಡುವ ವಿದೇಶಿಯರು ತಮ್ಮ ದೇಶದ ಅಪರಾಧ ದಾಖಲೆ ಪ್ರಮಾಣಪತ್ರವನ್ನೂ, ಕಳೆದ 20 ವರ್ಷಗಳಲ್ಲಿ ವಾಸವಿದ್ದ ಇತರ ದೇಶಗಳದ್ದನ್ನೂ ಸಲ್ಲಿಸಬೇಕಾಗುತ್ತದೆ. ದುಬೈಯಲ್ಲೋ ಮಸ್ಕತ್‌ನಲ್ಲೋ ಕೆಲಸ ಮಾಡಿ ಬಂದವರು ಇದನ್ನು ಮುಂಚಿತವಾಗಿ ತರಿಸಿಕೊಳ್ಳಬೇಕು. ಭಾರತದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಸಿಗುತ್ತದೆ. ಈ ನಿಯಮವನ್ನು ತೊಂದರೆಯೆಂದು ಎಣಿಸದೆ ಗೌರವದಿಂದ ಪಾಲಿಸಬೇಕೆಂಬುದು ಶಿಕ್ಷಕನಾಗಿ ನನ್ನ ನಿಲುವು.

ಕೆಲಸದ ಪರ್ಮಿಟ್‌ನ ಅರ್ಜಿಯನ್ನು ಉದ್ಯೋಗದಾತರು ಆ ಪ್ರಾಂತ್ಯದ ಆಡಳಿತಾಧಿಕಾರಿಯಾದ ‘ವೊಯೆವೋದ’ನಿಗೆ ಸಲ್ಲಿಸುತ್ತಾರೆ, 2025ರ ಜೂನ್ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ ಇದು ವಿದ್ಯುನ್ಮಾನ ರೂಪದಲ್ಲಿ ನಡೆಯುತ್ತದೆ. ಶಿಕ್ಷಣ ವ್ಯವಸ್ಥೆಯ ಕಾನೂನಿನಡಿ ಬರುವ ಶಾಲೆ, ಶಿಶುವಿಹಾರಗಳಲ್ಲಿ ಕಲಿಸುವ ವಿದೇಶಿ ಭಾಷಾ ಶಿಕ್ಷಕರಿಗೆ 2015ರ ನಿಯಮಾವಳಿ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿತ್ತು. ವ್ಯವಹಾರವಾಗಿ ನಡೆಯುವ ಭಾಷಾ ಶಾಲೆಗಳ ಸ್ಥಿತಿ ಬೇರೆ. ಆದ್ದರಿಂದ ನಿಮ್ಮ ಶಾಲೆ ಯಾವ ವರ್ಗಕ್ಕೆ ಸೇರುತ್ತದೆ, ಈಗಿನ ನಿಯಮ ಏನು ಎಂಬುದನ್ನು ಶಾಲೆಯಿಂದ ಬರಹದಲ್ಲಿ ಪಡೆಯಿರಿ. ಆಮೇಲೆ ‘ಡಿ’ ವರ್ಗದ ರಾಷ್ಟ್ರೀಯ ವೀಸಾಕ್ಕೆ ಅರ್ಜಿ. ಪೋಲೆಂಡಿನ ರಾಯಭಾರ ಕಚೇರಿ ದೆಹಲಿಯಲ್ಲಿ, ಕಾನ್ಸುಲೇಟ್ ಮುಂಬೈಯಲ್ಲಿ ಇವೆ. ಅರ್ಜಿ ಸ್ವೀಕಾರ ವಿಎಫ್‌ಎಸ್ ಎಂಬ ಖಾಸಗಿ ಸಂಸ್ಥೆಯ ಕೇಂದ್ರಗಳ ಮೂಲಕ ನಡೆಯುತ್ತದೆ. ಅಲ್ಲಿ ಸಮಯ ಸಿಗುವುದೇ ಕಷ್ಟ, ಅದಕ್ಕೆ ತಾಳ್ಮೆಯ ಹೊರತು ಬೇರೆ ಉಪಾಯವಿಲ್ಲ. 30,000 ಯೂರೊಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಬೇಕು.

ಒಪ್ಪಂದ ಮತ್ತು ಹಣ

‘ಉಮೋವಾ ಓ ಪ್ರಾತ್ಸೆ’ ಎಂಬುದು ಪೂರ್ಣ ಪ್ರಮಾಣದ ಉದ್ಯೋಗ ಒಪ್ಪಂದ. ಅದರಲ್ಲಿ ಸೇವಾವಧಿಗೆ ಅನುಗುಣವಾಗಿ ವರ್ಷಕ್ಕೆ 20 ಅಥವಾ 26 ದಿನಗಳ ವೇತನಸಹಿತ ರಜೆ ಇರುತ್ತದೆ, ಪದವಿ ಶಿಕ್ಷಣವನ್ನೂ ಆ ಲೆಕ್ಕಕ್ಕೆ ಸೇರಿಸುತ್ತಾರೆ. ಭಾಷಾ ಶಾಲೆಗಳು ಹೆಚ್ಚಾಗಿ ಕೊಡುವುದು ‘ಉಮೋವಾ ಜ್ಲೆತ್ಸೆನ್ಯಾ’ ಎಂಬ ಕಾರ್ಯ ಒಪ್ಪಂದ. ಇದರಲ್ಲಿ ಪಾಠದ ಗಂಟೆಗಷ್ಟೇ ಹಣ, ರಜೆಗೆ ಹಣವಿಲ್ಲ. ‘ಸ್ವಂತ ವ್ಯವಹಾರ ನೋಂದಾಯಿಸಿ ಬಿಲ್ಲು ಕೊಡಿ’ ಎಂಬ ಮೂರನೆಯ ಬಗೆಯನ್ನು ಹೊಸಬರು ಒಪ್ಪಬಾರದು. ಸಹಿ ಹಾಕುವ ಮೊದಲು ವಾರಕ್ಕೆ ಎಷ್ಟು ಗಂಟೆ ಖಾತ್ರಿ, ಗಂಟೆಯೆಂದರೆ 45 ನಿಮಿಷವೋ 60 ನಿಮಿಷವೋ, ವಿದ್ಯಾರ್ಥಿ ಕೊನೆಗಳಿಗೆಯಲ್ಲಿ ಪಾಠ ರದ್ದುಮಾಡಿದರೆ ಹಣ ಉಂಟೋ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಟ್ರಾಮಿನಲ್ಲಿ ಓಡಾಡುವ ಸಮಯ ಯಾರದು ಎಂದು ಕೇಳಿ. 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 4,666 ಜ್ವೋಟಿ (ಪೋಲೆಂಡಿನ ನಾಣ್ಯ), ಗಂಟೆಗೆ 30.50 ಜ್ವೋಟಿ ಇತ್ತು, ಎರಡೂ ಕಡಿತಕ್ಕೆ ಮುಂಚಿನ ಮೊತ್ತಗಳು. ಮಾತುಕತೆ ಈ ಅಂಕಿಯಿಂದ ಮೇಲಕ್ಕೆ ಆರಂಭವಾಗಬೇಕು. ವರ್ಷಕ್ಕೆ 30,000 ಜ್ವೋಟಿವರೆಗೆ ಆದಾಯ ತೆರಿಗೆ ಇಲ್ಲ, ಅದರಿಂದಾಚೆಗೆ 1,20,000ವರೆಗೆ 12 ಪ್ರತಿಶತ. ಲೆಕ್ಕಪತ್ರವನ್ನು ಏಪ್ರಿಲ್ 30ರೊಳಗೆ ಸಲ್ಲಿಸಬೇಕು. ಜುಸ್ ಎಂಬ ಸಾಮಾಜಿಕ ವಿಮೆಗೆ ಶಾಲೆ ನಿಮ್ಮನ್ನು ನೋಂದಾಯಿಸಿದೆಯೇ ಎಂದು ಮೊದಲ ತಿಂಗಳಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಿ, ಸರ್ಕಾರಿ ವೈದ್ಯಕೀಯ ಸೌಲಭ್ಯ ಅದರ ಮೇಲೆ ನಿಂತಿದೆ.

ಊರು ಸೇರಿದ ಮೇಲೆ

ದೆಹಲಿಯಿಂದ ವಾರ್ಸಾಗೆ ಲಾಟ್ ಸಂಸ್ಥೆಯ ನೇರ ವಿಮಾನವಿದೆ. ಸಾಮಾನಿನಲ್ಲಿ ಧಾರವಾಡ ಪೇಡೆ, ತುಪ್ಪ ಇಡಬೇಡಿ. ಹಾಲಿನ ಪದಾರ್ಥಗಳನ್ನು ಹೊರದೇಶಗಳಿಂದ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯಲು ಪ್ರಯಾಣಿಕರಿಗೆ ಅನುಮತಿ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಪುಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಸಾಕಷ್ಟಿರಲಿ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ಮತ್ತು ಗಿಣ್ಣಿನಂಥ ‘ತ್ವಾರುಗ್’ ತುಂಬಿದ ‘ಪಿಯೆರೋಗಿ ರುಸ್ಕಿಯೆ’ ಎಂಬ ಕಡುಬು ಹೊಂದುತ್ತದೆ. ಆದರೆ ಅದರ ಮೇಲೆ ಹುರಿದ ಹಂದಿಮಾಂಸದ ಚೂರು ಉದುರಿಸುವ ರೂಢಿ ಇರುವುದರಿಂದ ಮೊದಲೇ ಬೇಡವೆಂದು ಹೇಳಿರಿ.

ಬಾಡಿಗೆಯ ಜಾಹೀರಾತಿನಲ್ಲಿ ಕಾಣುವ ಮೊತ್ತದ ಮೇಲೆ ‘ಚಿನ್ಶ್’ ಎಂಬ ಕಟ್ಟಡ ನಿರ್ವಹಣಾ ಶುಲ್ಕವೂ ವಿದ್ಯುತ್ತು, ಅನಿಲದ ಖರ್ಚೂ ಸೇರುತ್ತವೆ. ಮುಂಗಡವಾಗಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಮನೆಯ ವಿಳಾಸ ನೋಂದಾಯಿಸಿ ಪೆಸೆಲ್ ಎಂಬ 11 ಅಂಕಿಯ ಸಂಖ್ಯೆಯನ್ನು ಬೇಗ ಪಡೆಯಿರಿ, ಬ್ಯಾಂಕಿನಿಂದ ಆಸ್ಪತ್ರೆವರೆಗೆ ಎಲ್ಲ ಕಡೆ ಅದನ್ನೇ ಕೇಳುತ್ತಾರೆ. ಹೆಚ್ಚಿನ ಭಾನುವಾರಗಳಲ್ಲಿ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಭಾಷಾ ಶಾಲೆಯ ಪಾಠಗಳು ಸಂಜೆಯೇ ಇರುವುದರಿಂದ ಬೆಳಗಿನ ಹೊತ್ತು ಮನೆಯಲ್ಲಿ ಕೂರದೆ ಹೊರಗೆ ನಡೆದಾಡುವ ಅಭ್ಯಾಸ ಇಟ್ಟುಕೊಳ್ಳಿ.

ವಯಸ್ಕ ವಿದ್ಯಾರ್ಥಿಗಳನ್ನು ಪೋಲಿಷಿನಲ್ಲಿ ಮಾತನಾಡಿಸುವಾಗ ‘ಪಾನ್’, ‘ಪಾನಿ’ ಎಂಬ ಗೌರವ ಸಂಬೋಧನೆ ಬೇಕು. ಶಾಲೆಗಳಲ್ಲಿ ಅಂಕ 1ರಿಂದ 6ರವರೆಗೆ, 6 ಅತ್ಯುತ್ತಮ. ಮತುರಾದಲ್ಲಿ ಉತ್ತೀರ್ಣತೆಗೆ 30 ಪ್ರತಿಶತ ಬೇಕು. ಭಾರತದ ಬಗ್ಗೆ ಪಾಠ ಮಾಡುವ ಸಂದರ್ಭ ಬಂದರೆ ನಮ್ಮ ನೆರೆಯ ಕೊಲ್ಹಾಪುರದ ಹತ್ತಿರದ ವಳಿವಡೆಯ ಕಥೆ ಹೇಳಿ: ಎರಡನೆಯ ಮಹಾಯುದ್ಧದಲ್ಲಿ ನೆಲೆ ತಪ್ಪಿದ ಸುಮಾರು 5,000 ಪೋಲಿಷ್ ಜನ 1943ರಿಂದ 1948ರವರೆಗೆ ಅಲ್ಲಿನ ಶಿಬಿರದಲ್ಲಿ ಬದುಕಿದ್ದರು. ಈಗಿನ ಗುಜರಾತಿನಲ್ಲಿದ್ದ ನವಾನಗರ ಸಂಸ್ಥಾನದ ಅರಸರಾದ ಜಾಮ್‌ಸಾಹೇಬರು ಪೋಲಿಷ್ ಮಕ್ಕಳಿಗೆ ಆಶ್ರಯ ಕೊಟ್ಟದ್ದಕ್ಕಾಗಿ ವಾರ್ಸಾದಲ್ಲಿ ‘ಒಳ್ಳೆಯ ಮಹಾರಾಜ’ರ ಹೆಸರಿನ ಚೌಕವೇ ಇದೆ. ಹುಬ್ಬಳ್ಳಿಯಿಂದ ಅರ್ಧ ದಿನದ ದಾರಿಯಲ್ಲಿರುವ ಈ ಚರಿತ್ರೆಯನ್ನು ನಾವೇ ಮರೆತಿರುವುದು ನನಗೆ ನೋವಿನ ವಿಷಯ.

ವೀಸಾ ಅವಧಿ ಮುಗಿಯುವ ಮುನ್ನ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿ ಕ್ರಮಬದ್ಧವಾಗಿದ್ದರೆ ತೀರ್ಮಾನ ಬರುವವರೆಗೆ ಅಲ್ಲಿನ ವಾಸ ಕಾನೂನುಬದ್ಧವೇ; ಆದರೆ ಆ ನಡುವೆ ಊರಿಗೆ ಬಂದರೆ ಮರಳಲು ಹೊಸ ವೀಸಾ ಬೇಕಾಗುತ್ತದೆ, ತೀರ್ಮಾನಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. ತಂಗಿಯ ಮದುವೆ, ಮನೆಯ ಕಾರ್ಯಗಳ ತಾರೀಖನ್ನು ಹಿರಿಯರೊಂದಿಗೆ ಮಾತಾಡಿ ಇದಕ್ಕೆ ಹೊಂದಿಸಿಕೊಳ್ಳಿ. ಜುಲೈ–ಆಗಸ್ಟ್‌ನಲ್ಲಿ ಭಾಷಾ ಶಾಲೆಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಗಂಟೆ ಲೆಕ್ಕದ ಶಿಕ್ಷಕರಿಗೆ ಆ ಎರಡು ತಿಂಗಳು ಆದಾಯವಿರುವುದಿಲ್ಲ. ಅಕ್ಟೋಬರ್‌ನಿಂದಲೇ ಪ್ರತಿ ತಿಂಗಳು ಅದಕ್ಕೆಂದು ಹಣ ತೆಗೆದಿಡಿ, ಬೇಸಿಗೆ ಶಿಬಿರಗಳಲ್ಲಿ ಕಲಿಸುವುದಾದರೆ ನಿಮ್ಮ ಪರ್ಮಿಟ್ ಅದಕ್ಕೆ ಒಪ್ಪುತ್ತದೆಯೇ ಎಂದು ಮೊದಲು ನೋಡಿ. ಮುಂದಿನ ವರ್ಷದ ಒಪ್ಪಂದದ ಮಾತನ್ನು ಮೇ ತಿಂಗಳಲ್ಲಿ, ಶಾಲೆ ಹೊಸ ವೇಳಾಪಟ್ಟಿ ಹಾಕುವ ಮೊದಲೇ, ನೀವೇ ಎತ್ತಿರಿ.